ಹೂವಿನ ಕಪ್ಪುಬಸಿ

ಮಂದಿಗೆ ಉಪಕಾರ ಮಾಡಾಕ ಹೋದಾಗಷ್ಟ ನನ್ನ ಮರ್ಯಾದಿ ಹೋಗತೈತಿ ನೋಡ್ರಿ. ಒಂದ್ ಸಲ ಅಲ್ಲ, ಮ್ಯಾಲಿಂದ ಮ್ಯಾಲ. ಹುಬ್ಬಳ್ಳ್ಯಾಗ ಒಂದು ಸಣ್ಣ ಟ್ರಸ್ಟ್ ಐತಿ. ಬಡವರಿಗೆ ಅಡಚಣಿ ಬಂದ್ರ ಬಾಡಿಗಿಗೋ ಔಷಧಕ್ಕೋ ಲಗೂನ ರೊಕ್ಕಾ ಕೊಡತೈತಿ. ರಿಟೈರ್ ಆದ ಮ್ಯಾಲ ಅಲ್ಲಿ ಅರ್ಜಿ ನೋಡೋ ಕೆಲಸ ನನ್ನ ಕೊರಳಿಗೆ ಬಿತ್ತು. ಖರೇ ಬಡವರು ಯಾರು, ಸೋಗಿನವರು ಯಾರು ಅಂತ ಕಂಡುಹಿಡಿಯೋದು. ನನ್ನ ಕಣ್ಣು ಭಾಳ ಚುರುಕು ಅಂತ ನಾನ ತಿಳಕೊಂಡಿದ್ದೆ.

೧. ಇಳಕಲ್ ಸೀರಿ

ಖಾನಾವಳ್ಯಾಗ ರೊಟ್ಟಿ ಬಡಿಯೋ ಹೆಣ್ಣಮಗಳೊಬ್ಬಾಕಿ ಬಂದಳು. ಕಾದ ಹಂಚು ಜಾರಿ ಬಲಗೈ ಸುಟ್ಟಿತ್ತು. ಕೆಲಸ ಇಲ್ಲ, ಪಗಾರ ಇಲ್ಲ. ಹದಿನೈದು ದಿವಸದಾಗ ಬಾಡಿಗಿ ಕೊಡದಿದ್ರ ಖೋಲಿ ಖಾಲಿ ಮಾಡು ಅಂತ ಮಾಲಕ ಹೇಳಿದ್ದ. ಇಷ್ಟೆಲ್ಲಾ ಕೇಳಿದ ಮ್ಯಾಲೂ ನನ್ನ ಕಣ್ಣು ಆಕಿ ಉಟ್ಟ ಇಳಕಲ್ ಸೀರಿ ಮ್ಯಾಲ. ಹೊಸಾದಂಗಿತ್ತು, ಘಡಿ ಮುರದದ್ದು ಅವತ್ತ ಇರಬೇಕು. ಯಾರ ಲಗ್ನಕ್ಕ ಹೊಂಟೀರಿ ಅಂತ ಕೇಳೇಬಿಟ್ಟೆ.

"ಎಲ್ಲೂ ಇಲ್ರಿ. ಇದ ಆಫೀಸಿಗೆ ಬಂದೇನಿ," ಅಂದಳು.

ನನ್ನ ಅಂಗಿ ನೋಡಿಕೊಂಡೆ. ಅದೇ ಆಫೀಸಿಗೆ ನಾನೂ ಬಂದಿದ್ದೆ, ಮೂರನೇ ಗುಂಡಿ ಇಲ್ಲದ ಅಂಗಿ ಹಾಕ್ಕೊಂಡು.

೨. ಮನಿ ಪರೀಕ್ಷಾ

ರೊಕ್ಕಾ ಕೊಡೂ ಮೊದಲ ಮನಿ ನೋಡಬೇಕು ಅನ್ನೂದು ನಮ್ಮ ನಿಯಮ. ಹಿಂದಿನ ದಿವಸ ಫೋನ್ ಮಾಡಿ ಹೇಳಿ ಆಕಿ ಮನಿಗೆ ಹೋದೆ. ಒಂದ ಖೋಲಿ. ಅದರಾಗ ಗಾದಿ ಕುರ್ಚಿ, ಗಿರಗಿರ ತಿರಗೋ ಫ್ಯಾನು, ಅಂಚು ತುಸು ಒಡದ ಹೂವಿನ ಚಿತ್ರದ ಕಪ್ಪುಬಸಿಯಾಗ ಚಾ, ಮ್ಯಾಲ ಬಿಸಿ ಮಿರ್ಚಿ ಭಜಿ. ಎರಡು ತಿಂದೆ, ಇನ್ನೆರಡು ಕೇಳಿ ಹಾಕಿಸಿಕೊಂಡೆ. ಹೊರಗ ಬಂದು ವರದಿ ಬರದೆ: "ಸ್ಥಿತಿ ಉತ್ತಮವಾಗಿದೆ. ನೆರವಿನ ಅಗತ್ಯವಿಲ್ಲ."

ಬರಿಯೂ ಮುಂದ ಕೈಗೆ ಹತ್ತಿದ ಭಜಿ ಎಣ್ಣಿ ಕಾಗದಕ್ಕೂ ಹತ್ತಿತು.

೩. ಅದೇ ಕುರ್ಚಿ

ವಾರಾದ ಮ್ಯಾಲ ಅದೇ ಓಣ್ಯಾಗ ಒಬ್ಬ ಹಮಾಲನ ಅರ್ಜಿ ಬಂತು. ಅವನ ಮನಿಗೆ ಹೋಗಿ ಕೂತೆ. ಕುರ್ಚಿ ಗುರುತು ಹತ್ತಿತು. ಫ್ಯಾನೂ ಅದೇ. ಚಾ ಬಂತು, ಕಪ್ಪಿನ ಒಡದ ಅಂಚು ಮೊದಲಿನಂಗ ತುಟಿಗೆ ಹತ್ತಿತು. ಇದೇನಪಾ ಅಂತ ಕೇಳಿದೆ.

"ಸಾಹೇಬ್ರು ಬರತಾರಂದ್ರ ಓಣ್ಯಾಗ ಇದ್ದದ್ದೆಲ್ಲಾ ಒಂದ ಮನ್ಯಾಗ ಕೂಡಸ್ತೇವ್ರಿ. ಕುರ್ಚಿ ಟೇಲರಂದು, ಫ್ಯಾನು ಕಿರಾಣಿ ಅಂಗಡಿದು, ಕಪ್ಪು ಮೂಲಿಮನಿ ಆಯಿದು. ನಿಮ್ಮನ್ನ ನೆಲದ ಮ್ಯಾಲ ಕೂಡಿಸಾಕ ಆಕ್ಕೈತೇನ್ರಿ?"

ಮತ್ತ ಆ ರೊಟ್ಟಿ ಬಡಿಯೋ ಆಕಿ ಉಟ್ಟಿದ್ದ ಇಳಕಲ್ ಸೀರಿ ಅಂತ ಕೇಳಿದೆ.

"ಅದು ನನ್ನ ಹೆಂಡತೀದ್ರಿ," ಅಂದ.

೪. ಬರಕೋಬ್ಯಾಡ್ರಿ

ಅವತ್ತ ಟ್ರಸ್ಟಿನವರ ಮುಂದ ತಪ್ಪು ಒಪ್ಪಿಕೊಂಡೆ. ನಾಲ್ಕು ಭಜಿ ತಿಂದದ್ದನ್ನೂ ಹೇಳಿದೆ. ಇಬ್ಬರಿಗೂ ರೊಕ್ಕಾ ಮಂಜೂರಾತು. ರೊಟ್ಟಿ ಬಡಿಯೋ ಆಕಿಗೆ ಮಾಲಕ ಕೊಟ್ಟ ಗಡುವಿಗೆ ಇನ್ನೊಂದ ದಿವಸ ಇತ್ತು. ಬರತೇನಿ ಅಂತ ಫೋನ್ ಮಾಡಿ, ನಾನ ಆಕಿ ಪಾಲು ತಗೊಂಡು ಓಡಿದೆ. ಖರೇ ಹೇಳತೇನಿ, ಅಷ್ಟು ನಾಚಿಕಿ ನನಗ ಜೀವನದಾಗ ಆಗಿರಲಿಲ್ಲ.

ಖೋಲಿ ಬಣಾ ಬಣಾ. ಕುರ್ಚಿ ಇಲ್ಲ, ಫ್ಯಾನು ಇಲ್ಲ, ನೀರಿನ ಕೊಡಾನೂ ಇಲ್ಲ. ಎಲ್ಲಾ ಎಲ್ಲಿ ಹೋತವ್ವಾ ಅಂತ ಕೇಳಿದ್ರ, ಈ ಸಾಹೇಬ್ರ ಕಣ್ಣಿಗೆ ಏನೂ ಬೀಳಬಾರದು ಅಂತ ಓಣ್ಯಾಗಿನವರು ಹೇಳಿದರಂತ. ಅದಕ್ಕ ತನ್ನ ಸ್ವಂತ ಸಾಮಾನೂ ಬಾಜೂ ಮನ್ಯಾಗ ಇಟ್ಟಿದ್ದಳು.

ನೆಲದ ಮ್ಯಾಲ ಕೂತು ರೊಕ್ಕಾ ಕೊಟ್ಟೆ, ತಪ್ಪಾತು ಅಂದೆ. ಆಕಿ ಕಣ್ಣು ಒರಸಿಕೊಂಡು ಹೊರಗ ಹೋದಳು. ಬರೂ ಮುಂದ ಎಡಗೈಯಾಗ ಅದೇ ಹೂವಿನ ಕಪ್ಪುಬಸಿ ಇತ್ತು. ನನ್ನ ಮುಂದ ಇಟ್ಟು, ನನ್ನ ಕಿಸೆದಾಗಿನ ಪೆನ್ನು ನೋಡಿದಳು.

"ಚಾ ಕುಡೀರಿ ಸಾಹೇಬ್ರ. ಆದ್ರ ಬರಕೋಬ್ಯಾಡ್ರಿ."