ಕಂಪೌಂಡರ್ ಕಾಕಾನ ಕಾಫಿ ಮಿಕ್ಸ್ಚರ್

ಜಹೀರಾಬಾದಿನಲ್ಲಿ ಒಳ್ಳೆಯ ಕಾಫಿ ಸಿಗುವುದೇ ಕಷ್ಟ. ಚಹಾ ಕುಡಿದು ಚಹಾದಲ್ಲೇ ಬೆಳೆದ ಊರು ಅದು. ಅಂಥ ಊರಿನಲ್ಲಿ ಕಾಫಿಯ ಕಾಕ್‌ಟೇಲ್ ಎಲ್ಲಿ ಸಿಗುತ್ತದೆ ಎಂದು ಕೆಲವು ವರ್ಷಗಳ ಹಿಂದೆ ಯಾರಾದರೂ ಕೇಳಿದ್ದರೆ, ಕಣ್ಣು ಮುಚ್ಚಿಕೊಂಡು ಒಂದು ವಿಳಾಸ ಹೇಳುತ್ತಿದ್ದೆ: ನಮ್ಮ ಕಾಕಾನ ಮನೆಯ ಕಟ್ಟೆ. ತಮಾಷೆಯೆಂದರೆ, ಅದನ್ನು ಮಾಡುತ್ತಿದ್ದ ಕಾಕಾ ಹುಟ್ಟಿದಾಗಿನಿಂದ ಒಂದು ಹನಿ ಮದ್ಯವನ್ನು ನಾಲಿಗೆಗೆ ತಾಗಿಸಿದವರಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಕೈಯಲ್ಲಿ ರಮ್ಮಿನ ಶೀಷೆ! ಇಂಥವರನ್ನು ನೀವೆಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಒಂದೂವರೆ ವರ್ಷ, ಪ್ರತಿ ಶನಿವಾರ ಸಂಜೆ ನೋಡಿದ್ದೇನೆ.

ಕಾಕಾ ಎಂದರೆ ನಮ್ಮ ತಂದೆಯ ಕೊನೆಯ ತಮ್ಮ. ಊರಿನವರಿಗೆ ಕಂಪೌಂಡರ್ ಸಾಹೇಬರು. ಬಸ್ ಸ್ಟ್ಯಾಂಡಿನ ಹತ್ತಿರದ ದವಾಖಾನೆಯೊಂದರಲ್ಲಿ, ಡಾಕ್ಟರರು ಕಣ್ಣು ಮುಚ್ಚುವ ತನಕ, ಔಷಧ ಕಲಸಿದವರು. ಡಾಕ್ಟರರು ಚೀಟಿ ಬರೆದು ಕಿಂಡಿಯೊಳಗೆ ತಳ್ಳಿದರೆ, ಒಳಗೆ ಕಾಕಾ ನಾಲ್ಕಾರು ಶೀಷೆಗಳಿಂದ ಅಷ್ಟಷ್ಟು ಅಳೆದು, ಕೂಡಿಸಿ, ಕುಲುಕಿ ಕೊಡುತ್ತಿದ್ದರು. ಅದಕ್ಕೆ ಮಿಕ್ಸ್ಚರ್ ಎಂದು ಹೆಸರು. ಬಾಟಲಿಯ ಬೆನ್ನಿಗೆ ಅಂಚಿನಲ್ಲಿ ಡೋಸಿಗೊಂದು ಕಚ್ಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಒಂದು ಹೊತ್ತಿಗೆ ಒಂದು ಕಚ್ಚಿನಷ್ಟು ಕುಡಿಯಬೇಕು. ಹೆಚ್ಚು ಕುಡಿದವರಿಗೆ ಬೈಗುಳ ಉಚಿತ.

ದವಾಖಾನೆ ಮುಚ್ಚಿದಾಗ ಕಾಕಾ ಅಲ್ಲಿಂದ ಔನ್ಸ್ ಗ್ಲಾಸು, ಫನೆಲ್ಲು, ಸೋಸುವ ಕಾಗದದ ಒಂದು ಕಟ್ಟು ಇಷ್ಟನ್ನು ಮನೆಗೆ ತಂದರು. ಆದರೆ ಕೈ ಸುಮ್ಮನಿರಬೇಕಲ್ಲ? ಒಂದು ವಾರದಲ್ಲಿ ಅಡುಗೆ ಎಣ್ಣೆಯ ಬಾಟಲಿಗೂ ಕಾಗದದ ಪಟ್ಟಿ ಬಿತ್ತು. ಒಂದು ಹೊತ್ತಿನ ಒಗ್ಗರಣೆಗೆ ಒಂದು ಕಚ್ಚು!

"ಇವರ ದವಾಖಾನಿ ಬಂದಾಗಿ ನನ್ನ ಅಡಗಿಮನಿಗಿ ರೋಗ ಬಂತು" ಎಂದು ಕಾಕು ಪಟ್ಟಿಯನ್ನು ಕಿತ್ತು ಒಲೆಗೆ ಹಾಕಿದರು.

ಕಾಕು ಎಂದರೆ ಕಾಕಾನ ಹೆಂಡತಿ. ಅವರ ವಿಷಯ ಹೇಳುವುದಾದರೆ ಮೊದಲು ಅವರ ಮೂಗಿನ ವಿಷಯ ಹೇಳಬೇಕು. ಕುದಿಯುವ ಬೇಳೆಯ ವಾಸನೆ ಹಿಡಿದು, ಅದು ತಾಂಡೂರಿನ ತೊಗರಿಯೋ, ಬೇರೆ ಕಡೆಯದನ್ನು ಬೆರೆಸಿದ್ದೋ ಹೇಳಿಬಿಡುತ್ತಿದ್ದರು. ಓಣಿಯ ಹೆಂಗಸರು ಸೆರಗಿನಲ್ಲಿ ಹಿಡಿ ಬೇಳೆ ಕಟ್ಟಿಕೊಂಡು ಬಂದು ಇವರ ಒಲೆಯ ಮೇಲೆ ಬೇಯಿಸಿಕೊಂಡು ತೀರ್ಪು ಪಡೆದು ಹೋಗುತ್ತಿದ್ದರು. ಹಾಲು ಒಡೆಯುವ ಮೊದಲೇ ಇವರಿಗೆ ಸುಳಿವು ಸಿಗುತ್ತಿತ್ತು. ನಾನು ಕಾಲೇಜಿನಲ್ಲಿದ್ದಾಗ ನಾರಾಯಣಖೇಡದಲ್ಲಿ ಒಂದು ಬೀಡಿ ಸೇದಿ, ಬಾಯಿ ತೊಳೆದು, ಪೇರಲ ಹಣ್ಣು ತಿಂದು, ಬಸ್ಸಿನಲ್ಲಿ ಗಂಟೆಗಟ್ಟಲೆ ಗಾಳಿಗೆ ಮುಖ ಕೊಟ್ಟು ಬಂದರೂ ಬಾಗಿಲಲ್ಲೇ ಹಿಡಿದುಬಿಟ್ಟಿದ್ದರು. "ಪ್ಯಾರಲ ಹಣ್ಣಿಗಿ ಹೊಗಿ ಯಾವಾಗಿಂದ ಬರಾಕ ಹತ್ತದ?" ಎಂದಿದ್ದರು. ನಾನು ಮತ್ತೆ ಬೀಡಿ ಮುಟ್ಟಲಿಲ್ಲ.

ಆ ಮೂಗು ಹೋಯಿತು. ಊರಿಗೆಲ್ಲ ಬಾಯಿ ಮೂಗು ಕಟ್ಟಿಸಿದ ಆ ಜ್ವರ ಕಾಕಾ, ಕಾಕು ಇಬ್ಬರಿಗೂ ಬಂದು, ಇಬ್ಬರನ್ನೂ ಬಿಟ್ಟು ಹೋಗುವಾಗ ಕಾಕುವಿನ ವಾಸನೆಯನ್ನು ಹೊತ್ತುಕೊಂಡು ಹೋಯಿತು. ತಿಂಗಳು ಕಳೆಯಿತು, ಆರು ತಿಂಗಳು ಕಳೆಯಿತು, ಮರಳಿ ಬರಲಿಲ್ಲ. "ಉಣ್ಣಾಕ ಕುಂತ್ರ ಹತ್ತಿ ಅರಳಿ ತಿಂದಂಗ ಆಗ್ತದಪ" ಎನ್ನುತ್ತಿದ್ದರು. ಅಡುಗೆ ಮಾಡಿ, ಪ್ರತಿ ಸಲ ಕಾಕಾನನ್ನು ಕರೆದು "ತಳ ಹೊತ್ತ್ಯದೇನ್ರಿ?" ಎಂದು ಕೇಳಬೇಕಾಗಿತ್ತು. ಒಮ್ಮೆ ಬೇಳೆ ಸೀದು ಕರಕಲಾಗಿ ಮನೆ ತುಂಬ ಹೊಗೆಯಾಡಿದಾಗ, ಅದರ ಮುಂದೆಯೇ ಕುಳಿತು ಹೂ ಕಟ್ಟುತ್ತಿದ್ದ ಕಾಕು ಗಳಗಳ ಅತ್ತುಬಿಟ್ಟರು. ಅಂದು ನಾನು ಅಲ್ಲಿದ್ದೆ. ಕಾಕಾನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಹೈದರಾಬಾದಿನ ಡಾಕ್ಟರೊಬ್ಬರು, ದಿನಾಲು ಕಾಫಿಪುಡಿ, ಲವಂಗ, ಕಿತ್ತಳೆ ಸಿಪ್ಪೆ ಇಂಥ ಗಾಢ ವಾಸನೆಯ ವಸ್ತು ಮೂಸಿರಿ, ಬಂದರೂ ಬರಬಹುದು ಎಂದರು. ಕಾಕಾ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕುದಿಯುತ್ತ ಬಂದರಂತೆ.

"ಒಣಾ ಪುಡಿ ಮೂಸಿದ್ರ ವಾಸನಿ ಎಲ್ಲಿಂದ ಏಳ್ತದ?" ಎಂದು ಮರುದಿನ ನನ್ನನ್ನೇ ತರಾಟೆಗೆ ತೆಗೆದುಕೊಂಡರು. "ವಾಸನಿ ಮ್ಯಾಲ ಏಳಬೇಕಂದ್ರ ಸ್ಪಿರಿಟ್ ಬೇಕು. ಆ ಡಾಕ್ಟರಿಗಿ ಕಂಪೌಂಡಿಂಗ್ ಗೊತ್ತಿಲ್ಲ."

"ಸ್ಪಿರಿಟ್ ಎಲ್ಲಿ ಸಿಗ್ತದ್ರಿ ಕಾಕಾ?" ಎಂದೆ.

ಅವರು ಬಿಳಿ ಅಂಗಿ ತೊಟ್ಟು ನನ್ನನ್ನು ಎಳೆದುಕೊಂಡು ವೈನ್ಸ್ ಅಂಗಡಿಗೆ ಹೋದರು!

ಆ ದೃಶ್ಯವನ್ನು ಹೇಗೆ ಮರೆಯಲಿ? ಕಂಪೌಂಡರ್ ಸಾಹೇಬರು ಬಂದದ್ದು ನೋಡಿ ಸಾಲಿನಲ್ಲಿ ನಿಂತವರೆಲ್ಲ ತಾವಾಗಿಯೇ ಪಕ್ಕಕ್ಕೆ ಸರಿದರು. ಅರ್ಧ ಜನ ಚಿಕ್ಕವರಿದ್ದಾಗ ಇವರ ಕೈಯಿಂದ ಔಷಧ ಕುಡಿದವರೇ. ಒಬ್ಬ ಕ್ವಾರ್ಟರ್ ಬಾಟಲಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಶರಣು ಎಂದ. ಕಾಕಾ "ನಿನ್ನ ಕೆಮ್ಮು ಹೋತೇನು?" ಎಂದು ವಿಚಾರಿಸಿದರು. ಆಮೇಲೆ ಅಂಗಡಿಯವನು ಕೊಟ್ಟ ರಮ್ಮನ್ನು ಬಿಸಿಲಿಗೆ ಹಿಡಿದು, ತಲೆಕೆಳಗು ಮಾಡಿ, ತಳದಲ್ಲಿ ಗಸಿ ಇದೆಯೋ ನೋಡಿ, "ಎಕ್ಸ್‌ಪೈರಿ ಎಲ್ಲಿ ಬರದಾರ?" ಎಂದರು.

"ಇದು ಹಳೀದಾದಷ್ಟು ಛಲೋ ಆಗ್ತದ್ರಿ ಸಾಹೇಬ್ರ" ಎಂದ ಅಂಗಡಿಯವನು.

ಕಾಕಾ ನನ್ನ ಕಡೆ ತಿರುಗಿ, "ಏನೂ ಓದದೋರು ಅಂಗಡಿ ಇಡ್ತಾರ" ಎಂದರು.

ಕಾಕು ಎರಡು ಷರತ್ತು ಹಾಕಿದರು. ಶೀಷೆ ಹೊಸ್ತಿಲು ದಾಟಿ ಒಳಗೆ ಬರಬಾರದು, ಅಡುಗೆಮನೆಯ ಪಾತ್ರೆ ಹೊರಗೆ ಹೋಗಬಾರದು. ಹೀಗಾಗಿ ಕಟ್ಟೆಯೇ ದವಾಖಾನೆಯಾಯಿತು. ಬೀದರಿನಿಂದ ಕಾಫಿಪುಡಿ ತಂದುಕೊಡುವ ಕೆಲಸ ನನ್ನದು. ಕಾಕಾ ಅದನ್ನು ಫನೆಲ್ಲಿನಲ್ಲಿ ಸೋಸುವ ಕಾಗದವಿಟ್ಟು ಹನಿಹನಿಯಾಗಿ ಇಳಿಸುತ್ತಿದ್ದರು. ಎರಡು ಔನ್ಸು ಡಿಕಾಕ್ಷನ್, ಒಂದು ಔನ್ಸು ರಮ್, ಅರ್ಧ ಔನ್ಸು ಬೆಲ್ಲದ ಪಾಕ, ಜಜ್ಜಿದ ಏಲಕ್ಕಿ, ಕಿತ್ತಳೆ ಸಿಪ್ಪೆ. ಮೂಲೆಯ ಕಬ್ಬಿನಹಾಲಿನ ಗಾಡಿಯಿಂದ ಎರಡು ತುಂಡು ಬರ್ಫು. ಎಲ್ಲವನ್ನೂ ಬಿಗಿ ಮುಚ್ಚಳದ ಬಾಟಲಿಗೆ ಹಾಕಿ ಕುಲುಕಿದರೆಂದರೆ, ಅವರ ಭುಜ, ಕನ್ನಡಕ, ಕೊರಳಿನ ಲಿಂಗ ಎಲ್ಲವೂ ಕುಲುಕುತ್ತಿದ್ದವು. ಗ್ಲಾಸಿಗೆ ಸುರಿದರೆ ಮೇಲೆ ಒಂದು ಬೆರಳು ನೊರೆ.

ಕಾಕು ಕುರ್ಚಿಯಲ್ಲಿ ತಲೆ ಮೇಲೆ ಸೆರಗು ಹೊದ್ದು ಕುಳಿತಿರುತ್ತಿದ್ದರು. ಕಾಕಾ ಗ್ಲಾಸನ್ನು ಅವರ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಕಾಕು ಕಣ್ಣು ಮುಚ್ಚಿ ಉಸಿರು ಎಳೆಯುತ್ತಿದ್ದರು.

"ಬಂತೇನು?"

"ಇಲ್ಲರಿ."

ಕಾಕಾ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದರು: "ನಂಬರ್ ಒಂಬತ್ತು. ಬರಲಿಲ್ಲ."

ಸರಿ, ಗ್ಲಾಸಿನಲ್ಲಿದ್ದದ್ದನ್ನು ಏನು ಮಾಡುವುದು? ಕಾಕಾ ಕುಡಿಯುವವರಲ್ಲ. ಕಾಕು ಮುಟ್ಟುವವರಲ್ಲ. ಕಲಸಿದ ಔಷಧವನ್ನು ಚೆಲ್ಲುವುದು ಕಂಪೌಂಡರನ ಧರ್ಮವಲ್ಲ. ಹಾಗಾದರೆ ಯಾರಾದರೂ ತ್ಯಾಗ ಮಾಡಲೇಬೇಕಲ್ಲ! ನಾನೂ ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ರಾಜಯ್ಯನವರೂ ಆ ಹೊಣೆ ಹೊತ್ತೆವು. ನಾರಾಯಣಖೇಡದಲ್ಲಿ ಮಕ್ಕಳಿಗೆ ಪಾಠ ಹೇಳುವ ಮಾಸ್ತರನಾದ ನಾನು ಪ್ರತಿ ಶನಿವಾರ ಬಿಡದೆ ಜಹೀರಾಬಾದಿಗೆ ಓಡುವುದನ್ನು ನೋಡಿ ನನ್ನ ಹೆಂಡತಿ, "ಕಾಕು ಮ್ಯಾಲ ನಿಮಗ ಎಷ್ಟ್ ಜೀವರಿ" ಎಂದು ಕಣ್ಣು ಒದ್ದೆ ಮಾಡಿಕೊಂಡಿದ್ದಳು. ನಾನು ತಲೆ ತಗ್ಗಿಸಿ ಏಲಕ್ಕಿ ಜಗಿಯುತ್ತಿದ್ದೆ.

ಆದರೆ ರುಚಿ! ಮೊದಲು ಕಾಫಿಯ ಕಹಿ, ಅದರ ಬೆನ್ನಿಗೆ ಬೆಲ್ಲ, ಆಮೇಲೆ ಎದೆಯೊಳಗೆ ಮೆಲ್ಲಗೆ ಬೆಚ್ಚಗಾಗುವುದು. ದೊಡ್ಡ ಹೋಟೆಲುಗಳಲ್ಲಿ ಇಂಥದ್ದಕ್ಕೆ ಏನೇನೋ ಹೆಸರಿದೆಯಂತೆ. ನಮ್ಮಲ್ಲಿ ನಂಬರ್ ಮಾತ್ರ. ರಾಜಯ್ಯನವರಿಗೆ ಹದಿನಾಲ್ಕು ಬಹಳ ಹಿಡಿಸಿತ್ತು. "ಇಂಕೊಂಚೆಂ, ಇನ್ನೊಂದೀಟ ಕೊಡ್ರಿ ಸಾಹೇಬ್ರ, ಮೊಣಕಾಲು ಬಾಳ ನೋಯ್ತದ" ಎಂದು ಗ್ಲಾಸು ಚಾಚಿದರು.

"ಮೊಣಕಾಲಿಗಿ ಎಣ್ಣಿ ಹಚ್ಚು. ಇದು ದಿನಕ್ಕ ಒಂದು ಡೋಸು, ಉಂಡ ಮ್ಯಾಲ" ಎಂದು ಕಾಕಾ ಮುಚ್ಚಳ ಬಿಗಿದರು. ಜಗತ್ತಿನಲ್ಲಿ ಎರಡನೆಯ ಗ್ಲಾಸು ಕೇಳಿದವರು ಬೈಸಿಕೊಳ್ಳುವ ಬಾರು ಅದೊಂದೇ ಇರಬೇಕು.

ಆ ಬೇಸಿಗೆಯಲ್ಲಿ ಕಾಕಾನ ತಲೆಗೆ ಕಬ್ಬು ಹೊಕ್ಕಿತು. ಬೆಲ್ಲಕ್ಕಿಂತ ಹಸಿ ಕಬ್ಬಿನಹಾಲಿನ ಘಮ ಜೋರು ಎಂದು, ಅದಕ್ಕೆ ಡಿಕಾಕ್ಷನ್, ರಮ್ ಕೂಡಿಸಿ, ದವಾಖಾನೆಯ ರೂಢಿಯಂತೆ ಬಿರಡೆ ಜಡಿದು ಮೇಲೆ ಮೇಣ ಹಚ್ಚಿ, ನಡುಮನೆಯ ಕಿಟಕಿಯ ಹೊರಗಟ್ಟೆಯ ಮೇಲೆ ಬಿಸಿಲಿಗೆ ಇಟ್ಟರು. ಹೊಸ್ತಿಲು ದಾಟಿರಲಿಲ್ಲ, ಷರತ್ತು ಮುರಿದಿರಲಿಲ್ಲ. ಮದ್ದಿನ ಶೀಷೆಗೆ ಮೇಣ ಹಚ್ಚಿದರೆ ಮದ್ದು ಕೆಡುವುದಿಲ್ಲ. ಆದರೆ ಕಬ್ಬಿನಹಾಲು ಕಂಪೌಂಡರನ ಮಾತು ಕೇಳುತ್ತದೆಯೇ? ಮೂರನೆಯ ದಿನ ಸೋಮವಾರ. ಓಣಿಯ ಹೆಂಗಸರು ನಡುಮನೆಯಲ್ಲಿ ಕುಳಿತು ವಚನ ಹಾಡುತ್ತಿದ್ದರು. ಢಮ್ ಎಂದು ಬಿರಡೆ ಹಾರಿ ಫ್ಯಾನಿಗೆ ಬಡಿದು ತಾಳದ ನಡುವೆ ಬಿತ್ತು! ನೊರೆ ಕಿಟಕಿಯ ಸರಳಿನೊಳಗಿಂದ ಚಿಮ್ಮಿ ಎಲ್ಲರಿಗೂ ಪ್ರೋಕ್ಷಣೆಯಾಯಿತು. ರಮ್ಮಿನ ಘಾಟಿಗೆ ಹೆಂಗಸರು ಮೂಗು ಮುಚ್ಚಿಕೊಂಡು ಎದ್ದು ನಿಂತರು. ಕಾಕು ಒಬ್ಬರೇ ಘಾಟು ತಿಳಿಯದೆ, ಕಣ್ಣು ಮುಚ್ಚಿ, ಮುಂದಿನ ಸಾಲು ಹಾಡುತ್ತಲೇ ಇದ್ದರಂತೆ.

ಇದನ್ನು ಕೇಳಿ ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಊರು ನಗಲಿಲ್ಲ. ಕಂಪೌಂಡರನ ಮನೆ ಬಾರಾಗಿದೆ ಎಂಬ ಮಾತು ಓಣಿ ದಾಟಿತು. ಸೋಮವಾರದ ಹಾಡು ಬೇರೆ ಮನೆಗೆ ಹೋಯಿತು. ಶ್ರಾವಣದಲ್ಲಿ ಒಂದು ಸೋಮವಾರ ಮಠದ ಅಯ್ಯನವರು ಬಂದು, ಪೂಜೆ ಮಾಡಿ, ಪ್ರಸಾದ ಸ್ವೀಕರಿಸುವುದು ಅಜ್ಜನ ಕಾಲದಿಂದ ಆ ಮನೆಯಲ್ಲಿ ನಡೆದು ಬಂದದ್ದು. ಆ ವರ್ಷ ಕಾಕಾ ಒಗೆದ ಧೋತರ ಉಟ್ಟು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಾಗಿಲಲ್ಲಿ ಕುಳಿತರು. ಅಯ್ಯನವರು ಬರಲಿಲ್ಲ. ಹೋಳಿಗೆ ಆರಿತು. "ಅವರಿಗಿ ಬ್ಯಾರೆ ಕಡಿ ಕೆಲಸ ಬಂದಿರ್ಬೇಕು" ಎಂದು ಕಾಕಾ ಎದ್ದು ಕೈಕಾಲು ತೊಳೆದರು. ಸಂಜೆ ಮತ್ತೆ ಬಾಟಲಿ ಕುಲುಕಿದರು. ಜಂಭ ಬಿಡಲಿಲ್ಲ, ಆದರೆ ನೋಟುಬುಕ್ಕಿನಲ್ಲಿ ನಂಬರ್ ಬರೆಯಲು ಮರೆತರು ಎಂದು ಕಾಕು ನನಗೆ ಹೇಳಿದರು.

ಗಣಪತಿ ಕಳಿಸುವ ಶನಿವಾರ ನಾನು ಹೋದಾಗ ವೈನ್ಸ್ ಬಂದ್ ಇತ್ತು. ಪುಡಿ ತರುವುದನ್ನು ನಾನು ಬೇರೆ ಮರೆತಿದ್ದೆ. ಕಾಕಾ ಸಿಟ್ಟಾಗಲಿಲ್ಲ. "ಡಬ್ಬಿ ತಳದಾಗ ಒಂದೀಟ ಅದ, ನಡೀತದ" ಎಂದು ಹಿತ್ತಲಿಗೆ ಹೋಗಿ ಕಲಸಿಕೊಂಡು ಬಂದರು. ಕಾಕು ಎಂದಿನಂತೆ ಕಣ್ಣು ಮುಚ್ಚಿದರು. ಆದರೆ ಅಂದು ಉಸಿರು ಎಳೆದವರು ಕಣ್ಣು ತೆರೆದು ಕಾಕಾನ ಮುಖ ನೋಡಿದರು.

"ಬಂತೇನು?"

"ಬಂತ್ರಿ."

"ಏನು ಬಂತು?"

"ಕಾಫಿ. ಕಾಫಿ ವಾಸನಿ ಬಂತ್ರಿ. ಸಾಕಿನ್ನ, ನನ್ನ ಮೂಗ ನನಗ ಬಂತು."

ಕಾಕಾ ಗ್ಲಾಸು ಹಿಡಿದು ನಿಂತೇ ಇದ್ದರು. ಕಣ್ಣಿಂದ ನೀರು ಇಳಿದು ಮೀಸೆಗೆ ಬಂತು. ಆಮೇಲೆ ಗ್ಲಾಸಿನಲ್ಲಿದ್ದದ್ದನ್ನು ಅಂಗಳದ ದಾಸವಾಳದ ಬುಡಕ್ಕೆ ಸುರಿದುಬಿಟ್ಟರು! ನನ್ನ ಪಾಲು ಗಿಡಕ್ಕೆ ಹೋಯಿತಲ್ಲ ಎಂದು ಆ ಗಳಿಗೆಯಲ್ಲೂ ನನಗೆ ಸಂಕಟವಾಯಿತು, ಸುಳ್ಳೇಕೆ ಹೇಳಲಿ.

ಅಲ್ಲಿಗೆ ದವಾಖಾನೆ ಮುಚ್ಚಿತು. ದೀಪಾವಳಿಯ ಹೊತ್ತಿಗೆ ಹಾಡುವ ಹೆಂಗಸರು ಮರಳಿದರು. ಕಾರ್ತಿಕದಲ್ಲಿ ಅಯ್ಯನವರು ತಾವಾಗಿಯೇ ಬಂದು ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡು ಉಂಡರು. ಈಗ ಆ ಕಟ್ಟೆಯ ಮುಂದೆ ಹೋದಾಗಲೆಲ್ಲ ನನಗೆ ಆ ಸಂಜೆಗಳು ಬೇಕೆನಿಸುತ್ತವೆ: ಬಾಟಲಿಯ ಗಲಗಲ, ರಾಜಯ್ಯನವರ ಮೊಣಕಾಲು, ಏಲಕ್ಕಿಯ ಘಮ. ರಮ್ಮಿಗಾಗಿ ಎಂದುಕೊಳ್ಳಬೇಡಿ. ಸ್ವಲ್ಪ ಅದಕ್ಕಾಗಿಯೂ ಹೌದು.

ಆ ಕಾರ್ತಿಕದ ಪ್ರಸಾದ ಉಂಡು ಹೊರಟಾಗ ಕಾಕಾ ಬಸ್ ಸ್ಟ್ಯಾಂಡಿನವರೆಗೆ ಬಂದರು. ನಾನು ಸುಮ್ಮನಿರಲಾರದೆ, "ಅಂತೂ ನಿಮ್ಮ ಮಿಕ್ಸ್ಚರ್ ಗೆದ್ದತ್ರಿ ಕಾಕಾ. ಕಡೀ ನಂಬರಿನ್ಯಾಗ ಏನ್ ಹಾಕಿದ್ರಿ?" ಎಂದೆ.

ಅವರು ರಸ್ತೆಯ ಕಡೆ ನೋಡುತ್ತ ಹೇಳಿದರು, "ನೀರು."

"ನೀರಾ?"

"ಅವತ್ತ ಡಬ್ಬ್ಯಾಗ ಏನೂ ಇದ್ದಿದ್ದಿಲ್ಲ. ಅಕಿ ಬಂದು ಕುಂತಾಳ, ಸುಮ್ಮ ಎದ್ದು ಹೋಗಬಾರದಂತ ಎಲಿ-ಅಡಕಿ ತಾಟಿನಾಗಿನ ಕಾಚು ಒಂದ್ಚೂರು ನೀರಿನ್ಯಾಗ ಕಲಸಿ ಬಣ್ಣ ಮಾಡಿದ್ದೆ. ಅಕಿ ಕಾಫಿ ಅಂದ್ಳು."

"ಮತ್ತ ನೀವು ಯಾಕ ಹೇಳ್ಲಿಲ್ರಿ?" ಎಂದೆ.

"ಏನಂತ ಹೇಳ್ಲಿ? ನಾ ಬಾಗಿಲದಾಗ ಹಾದಿ ಕಾಯ್ಕೋತ ಕುಂತಿದ್ದು ಅಕಿ ನೋಡ್ಯಾಳ. ಮಂದಿ ನನಗ ಅನ್ನಬಾರದಂತ ಹಂಗ ಅಂದಾಳ. ಇರ್ಲಿ."

ನಾರಾಯಣಖೇಡದ ಬಸ್ಸು ಬಂದು ನಿಂತಿತು. ಎಂದಿನಂತೆ ನಾನು ಸೀಟು ಹಿಡಿದು ಕೈಬೀಸುವ ತನಕ ನಿಲ್ಲುತ್ತಾರೆಂದುಕೊಂಡೆ. ಕಾಕಾ ಆಗಲೇ ತಿರುಗಿದ್ದರು.

"ಬರ್ತೀನಪ. ಈ ಹೊತ್ತಿಗಿ ಅಕಿ ಹಾಲು ಒಲಿ ಮ್ಯಾಲ ಇಡ್ತಾಳ. ತಳ ಹೊತ್ತಿದ್ರ ಅಕಿಗಿ ಗೊತ್ತಾಗಂಗಿಲ್ಲ" ಎಂದು ಧೋತರದ ಚುಂಗು ಎತ್ತಿ ಹಿಡಿದು ಮನೆಯ ಕಡೆ ಬಿರಬಿರನೆ ನಡೆದರು.