ಮೂರನೇ ಮಹಡಿಯ ಫಿಟ್‌ನೆಸ್ ಟೆಸ್ಟ್

ಯೋಗಾನಂದನಿಗೆ ಬೇಕಾಗಿದ್ದದ್ದು ಒಂದು ಲಿಫ್ಟು. ಚಾಮರಾಜಪೇಟೆಯ ಹಳೇ ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ತರಕಾರಿ ಚೀಲ ಹೊತ್ತು ಹತ್ತುವಾಗೆಲ್ಲ ಅವನ ಮಂಡಿ ಎಣ್ಣೆ ಕಾಣದ ಗೇಟಿನ ಹಾಗೆ ಕಿರ್ರೆನ್ನುತ್ತಿತ್ತು. ಲಿಫ್ಟಿನ ಮಾತೆತ್ತಿದರೆ ನಿವಾಸಿಗಳ ಸಂಘದ ಅಧ್ಯಕ್ಷ ರಾಮಾಂಜಿನಪ್ಪ, "ಯಾಕ್ರೀ, ಎಲ್ರೂ ಗಟ್ಟಿಮುಟ್ಟಾಗೇ ಇದೀವಲ್ಲ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅದನ್ನು ಅವರವರ ಫೋನೇ ಹೇಳಲಿ ಎಂದು, ವೆಬ್‌ಸೈಟ್ ಮಾಡುವ ಕೆಲಸದಲ್ಲಿದ್ದ ಯೋಗಾನಂದ ಒಂದು ಫಿಟ್‌ನೆಸ್ ಟೆಸ್ಟ್ ತಯಾರಿಸಿದ. ಮೆಟ್ಟಿಲು ಹತ್ತಿಳಿದು ನಾಡಿ ಎಣಿಸಿ, ತೂಕ, ಸೊಂಟದ ಸುತ್ತಳತೆ ತುಂಬಿದರೆ ದೇಹದ ನಿಜವಾದ ವಯಸ್ಸು ಬರುತ್ತಿತ್ತು. ಆ ಭಾನುವಾರ ಸಂಜೆ ಸಂಘದ ಸಭೆ. ಬೆಳಿಗ್ಗೆಯೇ ಲಿಂಕನ್ನು ವಾಟ್ಸಾಪ್ ಗ್ರೂಪಿಗೆ ಹಾಕಿ, "ಲೆಕ್ಕವೆಲ್ಲ ನಿಮ್ಮ ಫೋನಲ್ಲೇ ಆಗುತ್ತೆ. ನನಗೇನೂ ಬರಲ್ಲ, ಎಲ್ಲೂ ಉಳಿಯಲ್ಲ" ಎಂದು ಬರೆದ.

ಕಾಫಿ ಲೋಟ ಬಾಯಿಗಿಡುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಮನೆಯ ಪ್ರೇಮಲತಾ ಏದುಸಿರು ಬಿಡುತ್ತ ನಿಂತಿದ್ದರು.

"ನಂಗೆ ಅರವತ್ತೆಂಟಂತೆ! ನಮ್ಮತ್ತೆಗಿಂತ ದೊಡ್ಡೋಳಾ ನಾನು?"

"ಸೊಂಟದ ಅಳತೆ ಸರಿಯಾಗಿ ಹಾಕಿದ್ರಾ, ಆಂಟಿ?"

"ಆಂಟೀನಾ? ನನ್ನ ಸೊಂಟದ ಅಳತೆ ನಿಮಗ್ಯಾಕ್ರೀ?"

"ಅಯ್ಯೋ, ಅದು ನಂಗೆ ಬರೋದೇ ಇಲ್ಲ…"

"ಮತ್ತೆ ಫೋನಿಗೆ ಯಾರು ಹೇಳಿದ್ದು?"

ಅವರನ್ನು ಸಮಾಧಾನಪಡಿಸುವಷ್ಟರಲ್ಲಿ ಎರಡನೇ ಮಹಡಿಯಿಂದ ಕರೆ ಬಂತು. ಇಳಿದು ಹೋದರೆ, ಬೆವರೊರೆಸಿಕೊಳ್ಳುತ್ತ ಕೂತಿದ್ದ ರಾಮಾಂಜಿನಪ್ಪ ಗುಡುಗಿದರು.

"ಎಪ್ಪತ್ತಾರು! ಮಾರ್ಕೆಟ್ಟಲ್ಲಿ ಈರುಳ್ಳಿ ಮೂಟೆ ಹೊತ್ತ ಮೈ ಕಣ್ರೀ ಇದು!"

ಒಳಗಿನಿಂದ ಅವರ ಹೆಂಡತಿ ಕಿಸಕ್ಕನೆ ನಕ್ಕರು. ಅಧ್ಯಕ್ಷರ ಮುಖ ಒಲೆಯ ಮೇಲಿಟ್ಟ ಕಾವಲಿಯಂತಾಯಿತು.

"ಸಂಜೆಯೊಳಗೆ ಇದು ಸರಿಯಾಗ್ಬೇಕು. ಇಲ್ಲಾಂದ್ರೆ ನಿಮ್ಮ ಲಿಫ್ಟಿನ ವಿಷಯ ಸಭೆಗೇ ಬರಲ್ಲ!"

ಮಧ್ಯಾಹ್ನದವರೆಗೂ ಮನೆಮನೆಗೆ ಹತ್ತಿಳಿದು ಯೋಗಾನಂದ ಹಿಂಡಿದ ಬಟ್ಟೆಯಂತಾದ. ಕೊನೆಗೆ ಧೈರ್ಯಗೆಟ್ಟು, ಬಂದ ವಯಸ್ಸನ್ನು ಅರ್ಧ ಮಾಡುವ ಒಂದು ಸಾಲನ್ನು ಟೆಸ್ಟಿನ ಪ್ರೋಗ್ರಾಮಿಗೆ ಸೇರಿಸಿಬಿಟ್ಟ.

ಮತ್ತೆ ಟೆಸ್ಟ್ ಮಾಡಿ ನೋಡಿ ಕಟ್ಟಡಕ್ಕೆ ಕಟ್ಟಡವೇ ಹಿಗ್ಗಿತು. ಗ್ರೂಪಿನಲ್ಲಿ ಸ್ಕ್ರೀನ್‌ಶಾಟುಗಳ ಸುರಿಮಳೆ. ಪ್ರೇಮಲತಾ ಕೇಸರಿಬಾತನ್ನೇ ಕಳಿಸಿದರು. ಲಿಫ್ಟು ಬಂದ ಹಾಗೆಯೇ ಎಂದುಕೊಂಡು ಯೋಗಾನಂದ ಅದನ್ನು ತಿಂದ.

ಸಂಜೆ ರಾಮಾಂಜಿನಪ್ಪ ಮಾತಿಗೆ ತಪ್ಪದೆ ಲಿಫ್ಟಿನ ವಿಷಯವನ್ನೇ ಮೊದಲು ಎತ್ತಿಕೊಂಡರು.

"ಎಲ್ರ ಟೆಸ್ಟೂ ಆಗಿದೆ. ಈ ಬಿಲ್ಡಿಂಗಲ್ಲಿ ನಲವತ್ತು ದಾಟಿದೋರು ಒಬ್ರೂ ಇಲ್ಲ. ಹರೆಯದೋರಿಗೆ ಲಿಫ್ಟ್ ಯಾಕ್ರೀ?"

ಚಪ್ಪಾಳೆ ಬಿತ್ತು. ಯೋಗಾನಂದ ಗಾಬರಿಯಿಂದ ಎದ್ದ.

"ಸಾರ್, ಬೆಳಿಗ್ಗೆ ಬಂದಿತ್ತಲ್ಲ, ಅದೇ ನಿಜವಾದ ಲೆಕ್ಕ!"

"ಹೌದಾ? ತೋರ್ಸಿ ನೋಡೋಣ."

ತೋರಿಸುವುದಕ್ಕೆ ಅವನ ಹತ್ತಿರ ಏನೂ ಇರಲಿಲ್ಲ. ಬೆಳಗಿನ ಲೆಕ್ಕದ ಸ್ಕ್ರೀನ್‌ಶಾಟನ್ನು ಯಾರೂ ತೆಗೆದಿರಲಿಲ್ಲ.

ಲಿಫ್ಟಿನ ಬದಲು ಟೆರೇಸಿನಲ್ಲಿ ಜಿಮ್ ಮಾಡುವುದೆಂದು ಒಮ್ಮತದಿಂದ ತೀರ್ಮಾನವಾಯಿತು. ಪ್ರೇಮಲತಾ ಉದಾರವಾಗಿ, "ನಮ್ಮನೆ ಟ್ರೆಡ್‌ಮಿಲ್ ತಗೊಂಡ್ಹೋಗಿ. ಬಟ್ಟೆ ಒಣಹಾಕೋಕೆ ಬಿಟ್ರೆ ಯಾತಕ್ಕೂ ಆಗ್ತಿಲ್ಲ" ಎಂದರು.

"ಮೇಲಕ್ಕೆ ಹೊರೋರ್ಯಾರು?" ರಾಮಾಂಜಿನಪ್ಪ ಸುತ್ತ ನೋಡಿದರು. "ನಮ್ಮಲ್ಲೆಲ್ಲ ಚಿಕ್ಕೋರು ಯಾರು?"

ಯೋಗಾನಂದ ಕುರ್ಚಿಯಲ್ಲಿ ಮುದುರಿಕೊಂಡ. ಅಷ್ಟರಲ್ಲಿ ಅವನ ಹೆಂಡತಿ ಧನಲಕ್ಷ್ಮಿ ಹೆಮ್ಮೆಯಿಂದ ಫೋನ್ ಎತ್ತಿ ಹಿಡಿದಳು.

"ನಮ್ಮೆಜಮಾನ್ರು ಸಾರ್! ಈಗ ತಾನೇ ಇವರ್ದೂ ಹಾಕಿ ನೋಡ್ದೆ. ಹತ್ತೊಂಬತ್ತು!"