ಬೀಗರೂಟಕ್ಕೆ ಹೋದ ತಕ್ಕಡಿ

ಮಗಳ ಮದುವೆಯ ಫೋಟೋಗಳು ಫೋನಿಗೆ ಬಂದ ದಿನ ಮರಿಯಪ್ಪನವರಿಗೆ ಜ್ಞಾನೋದಯವಾಯಿತು. ಧಾರೆಯ ಫೋಟೋದಲ್ಲಿ ವಧೂವರರಿಗಿಂತ ಮುಂದೆ ನಿಂತಿದ್ದದ್ದು ಅವರ ಹೊಟ್ಟೆ. (ಅದನ್ನು ಪೂರ್ತಿ ಹಿಡಿಯಲು ಫೋಟೋದವನು ಹಿಂದೆ ಹಿಂದೆ ಸರಿದು ಛತ್ರದ ಬಾಗಿಲು ಮುಟ್ಟಿದ್ದನಂತೆ.) ಅಂದೇ ಅವರು ಕ್ಯಾಲೊರಿ ಲೆಕ್ಕದ ಆ್ಯಪೊಂದನ್ನು ಇಳಿಸಿಕೊಂಡರು. ಚನ್ನಪಟ್ಟಣದ ಪೇಟೆಯಲ್ಲಿ ಇಪ್ಪತ್ತೈದು ವರ್ಷದಿಂದ ನಲ್ಲಿ, ಪೈಪು ಮಾರುತ್ತಿರುವ ಮನುಷ್ಯ; ಒಳಗೆ ಎಷ್ಟು ಹೋಗುತ್ತದೆ, ಹೊರಗೆ ಎಷ್ಟು ಬರುತ್ತದೆ ಎಂಬುದು ತನಗೆ ಬಾರದ ವಿದ್ಯೆಯಲ್ಲ ಎಂದುಕೊಂಡರು.

ಆ ಆ್ಯಪಿಗೆ ಓಟ್ಸು ಗೊತ್ತು, ಈ ತಾಲ್ಲೂಕಿನಲ್ಲಿ ಯಾರೂ ಕಂಡಿರದ ಸೊಪ್ಪುಗಳೆಲ್ಲ ಗೊತ್ತು. ಮುದ್ದೆ ಅಂದರೆ ಮಾತ್ರ 'ಎಷ್ಟು ಗ್ರಾಂ?' ಎಂದು ಕೇಳಿತು. ಜೇಬಿನಲ್ಲಿ ಹಿಡಿಯುವಂಥ ಎಲೆಕ್ಟ್ರಾನಿಕ್ ತಕ್ಕಡಿಯೊಂದು ಮನೆಗೆ ಬಂತು. ಹೆಂಡತಿ ಲತಾಮಣಿಯ ನೆಮ್ಮದಿ ಮನೆಯಿಂದ ಹೊರಟಿತು.

"ಇನ್ನೂರೈವತ್ತು ಗ್ರಾಂ ಐತೆ ಕಣೇ. ಐವತ್ತು ಜಾಸ್ತಿ ಕಟ್ಟಿದ್ದೀಯ."

"ನಮ್ಮವ್ವ ಕೈಯಳತೇಲಿ ಕಟ್ಟೋದು ಕಲಿಸವ್ಳೆ. ಗ್ರಾಮಲ್ಲಿ ಕಲಿಸ್ಲಿಲ್ಲ."

"ಕಾರ್ಬು ಏರ್ತಾ ಐತೆ, ಪ್ರೋಟೀನು ಒಸೀನೂ ಸಾಲ್ತಿಲ್ಲ."

"ಹೊಟ್ಟೆ ತುಂಬ್ತಾ ಅಂತ ಹೊಟ್ಟೆನ ಕೇಳಿ. ಫೋನ್ನ ಯಾಕ್ ಕೇಳ್ತೀರಿ?"

ಅಜ್ಞಾನಿಗಳ ಜೊತೆ ವಾದವೇಕೆ ಎಂದು ಮರಿಯಪ್ಪನವರು ಫೋನಿನಲ್ಲಿ ಇನ್ನೂರೈವತ್ತು ಎಂದು ಒತ್ತಿದರು. ಲೆಕ್ಕವಿಲ್ಲದೆ ತಿನ್ನುವ ಸಕಲ ಮಾನವಕುಲವೇ ಈಗ ಅವರ ಕಣ್ಣಿಗೆ ಕುರಿಮಂದೆ. ಅಂಗಡಿಯ ಮುಂದೆ ವಡೆ ತಿನ್ನುವವರನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಮುರಿಯುತ್ತಲೇ ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬದಿಂದ ಹುರಿದ ಕಡಲೆಕಾಯಿ ಬೀಜ ಮುಕ್ಕುತ್ತಿದ್ದರು. (ಅದು ಪ್ರೋಟೀನು, ಲೆಕ್ಕಕ್ಕಿಲ್ಲ.) ಹೀಗೆ ಎರಡು ವಾರ ಘೋರ ತಪಸ್ಸು ಮಾಡಿ ಎಂಬತ್ತಾರು ಕೆ.ಜಿ.ಯಿಂದ ಎಂಬತ್ತೇಳಕ್ಕೆ ಇಳಿದರು.

ಅಷ್ಟರಲ್ಲಿ ವಿರೂಪಾಕ್ಷಿಪುರದಿಂದ ಬೀಗರೂಟದ ಕರೆ ಬಂತು. ಬೀಗರು ದೊಡ್ಡಹನುಮಯ್ಯ ತೋಟ ತುಡಿಕೆ ಉಳ್ಳವರು, ಮಾನಕ್ಕೆ ಅಂಜುವ ಜನ. ಮಗಳು ಶ್ವೇತ ಆ ಮನೆ ಸೇರಿ ಇನ್ನೂ ತಿಂಗಳಾಗಿಲ್ಲ. ಹೆಣ್ಣಿನ ಅಪ್ಪ ಎಲೆಯ ಮುಂದೆ ಹೇಗೆ ನಡೆದುಕೊಂಡ ಎಂಬುದನ್ನು ಮಗಳ ಮುಂದೆ ವರ್ಷಗಟ್ಟಲೆ ಆಡುತ್ತಾರೆ. ಅದಕ್ಕೇ ಲತಾಮಣಿ ಹೊರಡುವಾಗ, "ಆ ಸುಡುಗಾಡು ತಕ್ಕಡಿ ಮನೇಲೇ ಇರ್ಲಿ" ಎಂದು ಎರಡು ಸಲ ಹೇಳಿದಳು. ಮರಿಯಪ್ಪನವರು ಹೂಂ ಎಂದು ಅದನ್ನು ಜುಬ್ಬದ ಜೇಬಿಗೆ ಇಳಿಸಿದರು.

ಶಾಮಿಯಾನದಡಿ ಎಲೆ ಬಿತ್ತು, ಎಲೆಗೆ ಬಾಡು ಬಿತ್ತು. ಮರಿಯಪ್ಪನವರು ಮೆಲ್ಲಗೆ ತಕ್ಕಡಿ ತೆಗೆದು, ಅದರ ಮೇಲೊಂದು ಎಲೆಚೂರು ಹಾಸಿ, ತುಂಡುಗಳನ್ನು ಪೇರಿಸಿದರು.

"ನೂರಾ ಹತ್ತು. ಮೂಳೆ ಕಳೆದ್ರೆ ಎಪ್ಪತ್ತೇ" ಎಂದರು. ಮನಸ್ಸಿನಲ್ಲೇ ಅಂದುಕೊಂಡದ್ದು ಬಾಯಿಂದ ಹೊರಗೆ ಬಂದಿತ್ತು.

ಪಂಕ್ತಿಗೆ ಪಂಕ್ತಿಯೇ ಇತ್ತ ತಿರುಗಿತು. ಎಲೆಗೆ ಎಷ್ಟು ತುಂಡು ಬಿತ್ತು ಎಂದು ಓರೆಗಣ್ಣಲ್ಲಿ ಎಣಿಸುವವರು ಆ ಸೀಮೆಯಲ್ಲಿ ಬೇಕಾದಷ್ಟು ಮಂದಿ. ತೂಕ ಹಾಕಿದವರು ಇವರೇ ಮೊದಲು. "ದಾನ ಕೊಟ್ಟ ಹಸೀನ ಹಲ್ಲು ಎಣಿಸ್ದಂಗಾಯ್ತು" ಎಂದು ಪಕ್ಕದ ಮುದುಕರು ಎಲೆಗೆ ಹೇಳಿಕೊಂಡರು. ಸುದ್ದಿ ಒಲೆ ಮುಟ್ಟಿ, ದೊಡ್ಡಹನುಮಯ್ಯ ಸೌಟು ಹಿಡಿದೇ ಬಂದರು.

"ಏನ್ ಬೀಗ್ರೇ, ಮೂರು ಮರಿ ಕುಯ್ಸಿವ್ನಿ. ತೂಕದಲ್ಲಿ ಏನಾದ್ರೂ ಮೋಸ ಆಗೈತಾ?"

"ಅಲ್ಲ, ಇದು... ಪ್ರೋಟೀನು..." ಎಂದರು ಮರಿಯಪ್ಪ. ಬಾಗಿಲ ಬಳಿ ಶ್ವೇತ ತಲೆ ತಗ್ಗಿಸಿ ನಿಂತಿದ್ದಳು. ಅವಳ ಅತ್ತೆ ಸಿದ್ದಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದರು. ಮರಿಯಪ್ಪನವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಎದುರು ಸಾಲಿನಿಂದ ಲತಾಮಣಿ ಎದ್ದಳು. "ತಪ್ ತಿಳ್ಕೋಬ್ಯಾಡಿ ಅಣ್ಣ. ಒಂದೊತ್ತಿಗೆ ಒಂದ್ ಕೆಜಿ ಬಾಡು ತಿನ್ಲೇಬೇಕು ಅಂತ ಡಾಕ್ಟ್ರು ಇವ್ರಿಗೆ ಹೇಳವ್ರೆ. ಬೀಗ್ರ ಮನೇಲಿ ಇನ್ನೊಸಿ ಹಾಕಿ ಅಂತ ಬಾಯ್ಬುಟ್ಟು ಕೇಳಕ್ಕೆ ನಾಚ್ಕೆ. ಅದ್ಕೇ ಎಷ್ಟು ಕಮ್ಮಿ ಐತೆ ಅಂತ ಕದ್ದು ತೂಗ್ತಾವ್ರೆ."

ದೊಡ್ಡಹನುಮಯ್ಯನವರ ಮುಖ ಅರಳಿತು. "ಇಷ್ಟೇನಾ? ನಮ್ತಾವ ಎಂಥಾ ನಾಚ್ಕೆ ಬೀಗ್ರೇ?" ಎನ್ನುತ್ತಾ ತಕ್ಕಡಿ ಕಿತ್ತುಕೊಂಡು, ಸ್ವಹಸ್ತದಿಂದ ಇನ್ನೂರು ಗ್ರಾಮಿನಂತೆ ಐದು ಸಲ ತೂಗಿ ಎಲೆಗೆ ಸುರಿದರು. ಮೇಲೆ ಎರಡು ಮುದ್ದೆ ಇಟ್ಟರು. "ಮುದ್ದೆ ತೂಕಕ್ಕಿಲ್ಲ, ಅದು ನಮ್ಮ ಪ್ರೀತಿ" ಎಂದರು.

ಮರಿಯಪ್ಪನವರು ಹೆಂಡತಿಯತ್ತ ದೀನರಾಗಿ ನೋಡಿದರು. ಪತಿವ್ರತೆ ನೆಮ್ಮದಿಯಾಗಿ ಮೂಳೆ ಚೀಪುತ್ತಿದ್ದಳು. ಶ್ವೇತ ಅತ್ತೆಯ ಜೊತೆ ನಗುತ್ತಾ ಬಂದು ಸಾರು ಬಿಟ್ಟು, "ಅಪ್ಪ, ಇನ್ನೂ ಆರ್ನೂರು ಗ್ರಾಂ ಐತೆ, ಬೇಗ ತಿನ್ನಪ್ಪ" ಎಂದಳು. ಅವಳ ಮುಖದ ಆ ಹೆಮ್ಮೆ ಕಂಡ ಮೇಲೆ ಎಲೆ ಬಿಟ್ಟು ಏಳುವುದು ಯಾವ ತಂದೆಗೆ ಸಾಧ್ಯ?

"ಡಾಕ್ಟ್ರು ಎಷ್ಟು ದಿನ ಹಿಂಗೆ ತಿನ್ನಿ ಅಂದವ್ರೆ?" ದೊಡ್ಡಹನುಮಯ್ಯ ಕೇಳಿದರು.

"ಆರ್ ತಿಂಗ್ಳು" ಎಂದಳು ಲತಾಮಣಿ.

"ಹಂಗಾರೆ ಆರ್ ತಿಂಗ್ಳೂ ಭಾನ್ವಾರದ ಊಟ ಇಲ್ಲೇ. ಬರ್ನಿಲ್ಲ ಅಂದ್ರೆ ನಮ್ಮನೆ ಊಟ ಸೇರ್ನಿಲ್ಲ ಅಂತ್ಲೇ ತಿಳ್ಕೋತೀನಿ."

ಬಾಯಿ ತುಂಬ ಬಾಡಿದ್ದದ್ದರಿಂದ ಮರಿಯಪ್ಪನವರು ತಲೆಯಾಡಿಸಿ ಒಪ್ಪಿಕೊಂಡರು.